ಕಡವಿಗೊಂದು ಆಳು

ಮೊಣ್ಣಪ್ಪನ ಮನೆಗೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಬಂದ ದಿನ ಊರಿಗೆ ಊರೇ ನೋಡಲು ನೆರೆದಿತ್ತು. ನಾಪೋಕ್ಲಿನಿಂದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಹಗ್ಗ ಬಿಗಿದು, ಹೊಸ ಮದುಮಗಳನ್ನು ಕರೆತರುವಷ್ಟು ಜತನದಿಂದ ಆ ಕಬ್ಬಿಣದ ಯಂತ್ರವನ್ನು ತಂದಿದ್ದರು. ಕೊಡಗು ಇನ್ನೂ ತನ್ನ ಪಾಡಿಗೆ ತಾನೊಂದು ಪುಟ್ಟ ರಾಜ್ಯವಾಗಿದ್ದ ಕಾಲ. ಮೊದಲ ಚುನಾವಣೆಯ ಭಾಷಣಗಳ ಬಿಸಿ ಜನರ ಬಾಯಲ್ಲಿ ಆರಿರಲಿಲ್ಲ. ಕಾಫಿಯ ಬೆಲೆ ಏರುತ್ತಿತ್ತು. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಕೊಟ್ಟರೆ ಒಂದು ಮರ್ಯಾದೆ, ಸಿಪ್ಪೆ ಸುಲಿದು ಲೋಳೆ ತೊಳೆದು ಒಣಗಿಸಿದ ಬೀಜಕ್ಕೆ ಇನ್ನೊಂದು ಮರ್ಯಾದೆ. ಮೊಣ್ಣಪ್ಪನಿಗೆ ಎರಡನೆಯದು ಬೇಕಿತ್ತು.

ಆ ಮನೆಯ ಸೊಸೆ ಯಮುನ ಜಗಲಿಯ ಕಂಬಕ್ಕೆ ಒರಗಿ ಯಂತ್ರ ತಿರುಗುವುದನ್ನೇ ನೋಡುತ್ತಿದ್ದಳು. ಕೆಂಪು ಹಣ್ಣು ಮೇಲಿನಿಂದ ಬಾಯಿಗೆ ಬೀಳುತ್ತದೆ, ಬಿಳಿ ಬೀಜ ಮುಂದಿನಿಂದ ಉದುರುತ್ತದೆ, ಸಿಪ್ಪೆ ಹಿಂದಿನಿಂದ ಹೋಗುತ್ತದೆ. ಅಜ್ಜಿಯ ಕತೆಯಲ್ಲಿ ಬರುವ, ಊರಿನ ಬೆಳೆಯೆಲ್ಲ ನುಂಗಿ ಮುತ್ತು ಉಗುಳುವ ರಕ್ಕಸ ಇವನೇ ಎಂದು ಅವಳಿಗೆ ಅನ್ನಿಸಿತು. ಅವಳಿಗೆ ಎಲ್ಲದರಲ್ಲೂ ಕತೆಯೇ ಕಾಣುತ್ತಿತ್ತು. ಅವ್ವ ಗದ್ದೆ, ಕೊಟ್ಟಿಗೆ ಎಂದು ಓಡಾಡಿಕೊಂಡಿದ್ದುದರಿಂದ ಅವಳು ಅಜ್ಜಿ ಗಂಗಮ್ಮನ ಸೆರಗು ಹಿಡಿದೇ ಬೆಳೆದವಳು. "ಇವಳ ಕಣ್ಣು ಇಲ್ಲಿ ಉಂಟು, ಮನಸ್ಸು ತಡಿಯಂಡಮೋಳ್ ಬೆಟ್ಟದ ಆಚೆ ಉಂಟು" ಎಂದು ಗಂಡ ಉತ್ತಯ್ಯ ನಗುತ್ತಿದ್ದ.

ಮೊಣ್ಣಪ್ಪನ ತೋಟದಿಂದ ಇಳಿಯುವ ಸಣ್ಣ ತೊರೆಗೆ ನೆಲ್ಲಿತೋಡು ಎಂದು ಹೆಸರು. ಅದು ಕೆಳಗೆ ಆರು ಮನೆಗಳ ಮುಂದೆ ಹಾದು ದೊಡ್ಡ ಹೊಳೆ ಸೇರುತ್ತದೆ. ಒಂದೊಂದು ಮನೆಗೂ ಒಂದೊಂದು ಕಡವು. ಹೆಣ್ಣುಮಕ್ಕಳು ಕೊಡ ಅದ್ದಲು, ದನ ಬಾಯಿ ಹಾಕಲು ಕಲ್ಲು ಜೋಡಿಸಿದ ಜಾಗಗಳು ಅವು. ಯಂತ್ರ ತಿರುಗತೊಡಗಿದ ವಾರದಲ್ಲೇ ತೋಡಿನ ಬಣ್ಣ ಹಳೆಯ ಕಷಾಯದಂತಾಯಿತು. ನೊರೆ ತೇಲಿತು. ಹುಳಿತ ಹಣ್ಣಿನ ನಾತ ಮೂಗಿಗೆ ಅಡರಿತು. ಸಣ್ಣ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಮೊದಲ ಕಡವು ಗಂಗಮ್ಮಜ್ಜಿಯದು, ಯಮುನಳ ತವರು; ಅಜ್ಜಿಗೂ ಅವ್ವನಿಗೂ ಮನೆಯಳಿಯನನ್ನು ತಂದ ಮನೆ. ಅವಳು ಗಂಡನ ಮನೆಯ ಕಣದಲ್ಲಿ ನಿಂತರೆ ತವರಿನ ಒಲೆಯ ಹೊಗೆ ಕಾಣುವಷ್ಟು ಹತ್ತಿರ.

ಊರವರು ಸಭೆ ಸೇರುವ ಅಂಬಲದ ಕಟ್ಟೆಯಲ್ಲಿ ಕೂಡಿ ದೂರಿದರು. ಊರಿನ ಮುಖ್ಯಸ್ಥ, ತಕ್ಕ ಕುಟ್ಟಪ್ಪ ಎಲ್ಲರ ಮಾತು ಕೇಳಿ, ಮೀಸೆ ತಿರುವಿ, ಪಲ್ಪರ್ ಇಟ್ಟವರು ವರ್ಷಕ್ಕೊಮ್ಮೆ ಪಂಚಾಯಿತಿಗೆ ಒಂದು ತೆರಿಗೆ ಕಟ್ಟಬೇಕೆಂದು ತೀರ್ಮಾನ ಕೊಟ್ಟ. ಎಲ್ಲರೂ ತಲೆದೂಗಿದರು. ಮೊಣ್ಣಪ್ಪ ಜಗಳವಾಡಬಹುದೆಂದು ಕಾದಿದ್ದವರಿಗೆ ನಿರಾಸೆಯಾಯಿತು. ಅವನು ಅಲ್ಲೇ ಸೊಂಟದ ಚೀಲ ಬಿಚ್ಚಿ ತೆರಿಗೆ ಕಟ್ಟಿಬಿಟ್ಟ. ಮನೆಗೆ ಬಂದವನೇ ತೋಟದ ಲೆಕ್ಕ ನೋಡುವ ರೈಟರ್ ಮಂಜುನಾಥನನ್ನು ಕರೆದ.

"ರೈಟ್ರೇ, ಆ ಸಿಪ್ಪೆಯನ್ನು ಬುಟ್ಟಿಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕ್ತಿದ್ದಾರಲ್ಲ, ನಾಳೆಯಿಂದ ಬೇಡ. ತೋಡಿಗೇ ತಳ್ಳಿ."

ಮಂಜುನಾಥ ಹಾಸನದ ಕಡೆಯವನು. "ದಣೀ, ಮೊದ್ಲೇ ನೀರು ಕೆಟ್ಟೈತೆ ಅಂತ ಜನ ಬಾಯಿ ಮಾಡ್ತಾವ್ರೆ..."

"ಬಾಯಿ ಮಾಡ್ಲಿ. ತೆರಿಗೆ ಕಟ್ಟಿದ್ದು ಯಾರು? ನಾನು. ಕಟ್ಟಿದ ಮೇಲೆ ತೋಡು ನಂದೇ ಅಲ್ವಾ?"

ಮೊಣ್ಣಪ್ಪ ಕೆಟ್ಟವನಲ್ಲ. ಹಬ್ಬಕ್ಕೆ ಕೂಲಿಯಾಳುಗಳ ಲೈನಿನ ಮಕ್ಕಳಿಗೆಲ್ಲ ಬಟ್ಟೆ ತರುವವನು, ಸೊಸೆ ಬಸುರಿ ಎಂದು ತಿಳಿದ ದಿನದಿಂದ ಅವಳಿಗೆ ಜೇನು ಹುಡುಕಿ ತರುವವನು. ಅವನ ಲೆಕ್ಕದಲ್ಲಿ, ಸಂತೆಯಲ್ಲಿ ದುಡ್ಡು ಕೊಟ್ಟು ತಂದ ವಸ್ತುವನ್ನು ಹೇಗೆ ಬಳಸಬೇಕೆಂದು ಅಂಗಡಿಯವ ಕೇಳುವ ಹಾಗಿಲ್ಲ. ಅಷ್ಟೇ. ತೆರಿಗೆ ಬರುವ ಮೊದಲು ಅವನಿಗೆ ಕೆಳಗಿನ ಮನೆಯವರ ಮುಖ ನೋಡಲು ಒಂದಿಷ್ಟು ಸಂಕೋಚವಾದರೂ ಇತ್ತು. ಈಗ ಅದೂ ಇಲ್ಲ.

ಯಮುನ ಒಂದು ಮಧ್ಯಾಹ್ನ ತವರಿಗೆ ಹೋದಳು. ಬಯಕೆ ಊಟಕ್ಕೆ ಯಾವಾಗ ಕರೆಯುತ್ತಾರೆ ಎಂದು ಕೇಳುವ ಆಸೆ ಅವಳಿಗೆ. ಬಸುರಿ ಮಗಳನ್ನು ತವರಿಗೆ ಕರೆದು, ಹೊಸ ಸೀರೆ ಉಡಿಸಿ, ಅವಳು ಬಯಸಿದ್ದನ್ನೆಲ್ಲ ಮಾಡಿ ಬಡಿಸುವ ಊಟ ಅದು. ಅವಳು ಆಗಲೇ ಮನಸ್ಸಿನಲ್ಲಿ ಎಲೆ ಹಾಸಿ, ಕಡುಬು, ಉಪ್ಪಿನಲ್ಲಿಟ್ಟ ಎಳೆ ಬಿದಿರಿನ ಕಣಿಲೆ ಪಲ್ಯ, ಜೇನು ಎಲ್ಲವನ್ನೂ ಜೋಡಿಸಿ ಇಟ್ಟುಕೊಂಡಿದ್ದಳು.

ಗಂಗಮ್ಮಜ್ಜಿ ಕಡವಿನ ಕಲ್ಲಿನ ಮೇಲೆ ಬರಿಗೈಲಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕೊಡ.

"ಎಂಥ ಹುಡುಗೀ, ಹೊಟ್ಟೆ ಹೊತ್ತುಕೊಂಡು ಬಿಸಿಲಲ್ಲಿ ಬಂದಿದ್ದೀ?"

"ಬಯಕೆ ಊಟಕ್ಕೆ ಯಾವಾಗ ಕರೀತೀ ಅಂತ ಕೇಳುಕೆ ಬಂದೆ ಅಜ್ಜಿ."

ಅಜ್ಜಿ ತೋಡಿನ ಕಡೆ ಗಲ್ಲ ತೋರಿಸಿದಳು. "ಇದರಲ್ಲಿ ಅನ್ನ ಬೇಯಿಸ್ಲಾ? ನನಗೆ ಬಯಕೆ ಊಟ ಹಾಕುವಾಗ ಈ ಕಡವಿನ ನೀರು. ನಿನ್ನವ್ವನಿಗೂ ಇದೇ ನೀರು. ಈ ಮನೆಯ ಮಗಳು ಉಣ್ಣುದು ಈ ಮನೆಯ ನೀರಲ್ಲಿ ಬೆಂದ ಅನ್ನ. ನೀರು ತಿಳಿಯಾಗುವ ತನಕ ನಿನ್ನ ಕರೆಯುಕೆ ಇಲ್ಲೆ."

"ಬೇರೆ ಕಡೆಯಿಂದ ನೀರು ತಂದರೆ?"

"ಹಾಗಾದರೆ ಬೇರೆ ಕಡೆಯೇ ಉಣ್ಣು."

ಯಮುನ ಅಳಲಿಲ್ಲ. ಅಜ್ಜಿಯ ಹಠ ಅವಳಿಗೆ ಹೊಸತಲ್ಲ. ಅದರ ಅರ್ಧ ಪಾಲು ಅವಳಿಗೂ ಬಂದಿತ್ತು. ಅವಳು ಕಲ್ಲಿನ ಮೇಲೆ ಅಜ್ಜಿಯ ಪಕ್ಕ ಕೂತು, ಮೊಣಕಾಲಿಗೆ ಗಲ್ಲ ಕೊಟ್ಟು, ಕಂದು ನೊರೆ ಕಲ್ಲು ಸುತ್ತಿ ಹೋಗುವುದನ್ನೇ ನೋಡಿದಳು. ಮಾವನಿಗೆ ದುಡ್ಡು ಕೊಡುವುದು ಭಾರವಲ್ಲ. ಹಾಗಾದರೆ ಭಾರ ಯಾವುದು? ಹಾಗೆ ನೋಡುತ್ತ ನೋಡುತ್ತ ಅವಳಿಗೆ ಚಿಕ್ಕಂದಿನಲ್ಲಿ ಇದೇ ಕಲ್ಲಿನ ಮೇಲೆ ಕೇಳಿದ ಒಂದು ಕತೆ ನೆನಪಾಯಿತು. ಅವಳು ಎದ್ದು ಸೀರೆ ಕೊಡವಿಕೊಂಡಳು.

"ಅಜ್ಜಿ, ಕಡುಬಿಗೆ ಅಕ್ಕಿ ತೆಗೆದಿಡು."

"ಹೋಗು, ಹೋಗು. ನೀರು ಮೊದಲು, ಅಕ್ಕಿ ಆಮೇಲೆ."

ಎರಡು ದಿನ ಬಿಟ್ಟು ತಕ್ಕ ಕುಟ್ಟಪ್ಪ ತಾನಾಗಿಯೇ ಮೊಣ್ಣಪ್ಪನ ಜಗಲಿಗೆ ಬಂದ. ತೆರಿಗೆ ಹಾಕಿದ ಮೇಲೆ ನಾತ ಇನ್ನೂ ಜಾಸ್ತಿಯಾಗಿದೆ ಎಂದು ಊರವರು ಅವನ ಪ್ರಾಣ ತಿಂದಿದ್ದರು. ಮೊಣ್ಣಪ್ಪ ಕಾಲು ಚಾಚಿ ಕೂತಿದ್ದ. ಮಂಜುನಾಥ ಮೆಟ್ಟಿಲ ಬಳಿ ನಿಂತು ಹಣ್ಣು ಕುಯ್ಯುವ ಪಿಕ್ಕಿಂಗಿಗೆ ಆಳು ಸಾಲದು ಎಂದು ಗೋಳಾಡುತ್ತಿದ್ದ. ಗಿಡಗಳೆಲ್ಲ ಒಟ್ಟಿಗೆ ಹಣ್ಣಾಗಿದ್ದವು. ಕುಶಾಲನಗರದ ಕಡೆಯಿಂದ ಆಳು ತರಿಸಿದರೂ ಕೈ ಸಾಲುತ್ತಿರಲಿಲ್ಲ.

ಯಮುನ ಬೆಲ್ಲದ ಕಾಫಿ ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

"ತಕ್ಕರೇ, ನಮ್ಮಜ್ಜಿ ಹೇಳುವ ಒಂದು ಕತೆ ಉಟ್ಟು. ಹೇಳ್ಲಾ?"

"ಹೇಳವ್ವಾ. ನನ್ನ ತಲೆ ಹೇಗೂ ಕೆಟ್ಟುಟ್ಟು."

"ಒಬ್ಬ ದೊಡ್ಡ ಒಡೆಯ. ದಿನಾ ತನ್ನ ಆನೆಗಳನ್ನು ಹೊಳೆಗೆ ಇಳಿಸಿ ತಿಕ್ಕಿಸ್ತಿದ್ದ. ಆ ಗುಂಡಿಯಲ್ಲಿ ಒಬ್ಬಳು ನೀರಕನ್ನೆ ತಲೆ ಬಾಚ್ಕೊಂಡು ಇದ್ದಳು. ಅವಳ ನೀರೆಲ್ಲ ಬಗ್ಗಡ ಆತ್. ಸುಂಕ ಕೊಡು ಅಂದಳು. ಅವ ಹೊನ್ನು ಕೊಟ್ಟ. ಅವಳು ಒಂದು ಬೊಗಸೆ ಮರಳು ಎತ್ತಿ ತೋರಿಸಿದಳು, ಅದರ ತುಂಬ ಹೊನ್ನೇ ಹೊನ್ನು. ಇದು ನಂಗೆ ಬೇಡ, ನಾನು ಕರೆದ ದಿನ ಬಂದು ಹೊಳೆಯ ಕಲ್ಲು ಉಜ್ಜು ಅಂದಳು. ಅಷ್ಟೇನಾ ಅಂತ ಅವ ನಕ್ಕ. ಗದ್ದೆ ಹದಕ್ಕೆ ಬಂದ ದಿನವೇ ಅವಳು ಕರೆದಳು. ಹೋಗಿ ಕಲ್ಲು ಉಜ್ಜಿದ, ಹದ ಹೋತ್. ಪೈರು ಕುಯ್ಯುವ ದಿನವೇ ಕರೆದಳು. ಹೋಗಿ ಉಜ್ಜಿದ, ಕಾಳು ಉದುರಿ ಹೋತ್. ಮೂರನೇ ಸಲ ಕರೆಯುವ ಮೊದಲೇ ಅವ ಮನೆ ಹಿಂದೆ ಆನೆಗಳಿಗೆ ಕೆರೆ ತೋಡಿಸಿದ."

ಮೊಣ್ಣಪ್ಪ ಹೊಟ್ಟೆ ಕುಣಿಸಿ ನಕ್ಕ. "ಅಂದರೆ ಈಗ ನಾನು ಹೋಗಿ ಕಲ್ಲು ಉಜ್ಜಬೇಕಾ ಮಗಳೇ?"

"ಕಲ್ಲು ಬೇಡ ಮಾವ. ಯಾವ ಕಡವಿನ ನೀರು ದನ ಕೂಡ ಮೂಸುವುದಿಲ್ಲವೋ ಆ ಮನೆಗೆ ನಮ್ಮ ತೋಟದಿಂದ ಒಂದು ಆಳು. ಪಿಕ್ಕಿಂಗ್ ಇರುವಷ್ಟು ದಿನ, ದೇವರಕಾಡಿನ ಒರತೆಯಿಂದ ನೀರು ಹೊತ್ತು ಅವರ ಹಂಡೆ, ದನದ ಬಾನಿ ತುಂಬಿಸಬೇಕು. ಕೂಲಿ ನಮ್ಮದು. ಒಂದು ಕಡವು ಕೆಟ್ಟರೆ ಒಂದು ಆಳು. ಆರು ಕೆಟ್ಟರೆ ಆರು. ಒಂದೂ ಕೆಡದಿದ್ದರೆ ಒಂದೂ ಬೇಡ. ಆಗ ದುಡ್ಡಿನ ತೆರಿಗೆಯನ್ನೂ ತಕ್ಕರು ಬಿಡ್ಲಿ."

ಮೆಟ್ಟಿಲ ಬಳಿ ಮಂಜುನಾಥನಿಗೆ ಕೆಮ್ಮು ಬಂತು. ಕುಟ್ಟಪ್ಪನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವನ ಮೀಸೆಯ ತುದಿ ನಿಧಾನಕ್ಕೆ ಮೇಲೇರಿತು.

"ಮೊಣ್ಣಪ್ಪಣ್ಣ, ಒಪ್ಪಿಗೆಯಾ?"

"ಓ, ಒಪ್ಪಿಗೆ! ನನ್ನ ನೀರು ಎರಡನೇ ಕಡವಿಗೆ ಹೋಗುವಷ್ಟರಲ್ಲಿ ತಿಳಿ ಆಗ್ತದೆ. ಆದರೆ ನೀರು ಮೂಸಿ ನೋಡುಕೆ ಗಂಗಮ್ಮಜ್ಜಿಯ ಹಸು ತರುಕೆ ಇಲ್ಲೆ. ಅದು ಅವಳಂತೆಯೇ ಜಗಳಗಂಟಿ. ನನ್ನ ಬೊಳ್ಳನನ್ನೇ ಕರ್ಕೊಂಡು ಹೋಗಿ."

ಬೊಳ್ಳ ಅವನ ಬಿಳಿ ಎತ್ತು. ಕೆಸರು ನೀರು, ಗಂಜಿ ನೀರು, ಪಾತ್ರೆ ತೊಳೆದ ನೀರು, ಯಾವುದನ್ನೂ ಬೇಡವೆಂದದ್ದಿಲ್ಲ.

ಮರುದಿನ ಬೆಳಿಗ್ಗೆ ಊರಿನ ಅರ್ಧ ಜನ ಬೊಳ್ಳನ ಹಿಂದೆ ನಡೆದರು. ಬಾಯಾರಲಿ ಎಂದು ರಾತ್ರಿಯಿಂದ ಅದಕ್ಕೆ ನೀರು ತೋರಿಸಿರಲಿಲ್ಲ. ಮೊದಲ ಕಡವಿನಲ್ಲಿ ಅದು ಮೂತಿ ಇಳಿಸಿ, ಬುಸ್ಸೆಂದು ಮೂಗು ಸೀನಿ, ತಲೆ ತಿರುಗಿಸಿತು. "ಅದು ಇರಲಿ, ಮುಂದೆ ನೋಡುವ" ಎಂದ ಮೊಣ್ಣಪ್ಪ. ಎರಡನೆಯದರಲ್ಲಿ ಹತ್ತಿರವೇ ಹೋಗಲಿಲ್ಲ. ಮೂರನೆಯದರಲ್ಲಿ ಮೊಣ್ಣಪ್ಪ ಕತ್ತು ಸವರಿ, "ಕುಡಿ ಮಗನೇ, ಮಾನ ಉಳಿಸು" ಎಂದು ಗೋಗರೆದ. ಬೊಳ್ಳ ಅವನ ಹೊಸ ಅಂಗಿಯ ಮೇಲೆ ಜೊಲ್ಲು ಸುರಿಸಿತು. ಆರನೆಯದನ್ನೂ ಮೂಸಿ ಬಿಟ್ಟು, ದೊಡ್ಡ ಹೊಳೆ ಸೇರುವ ಜಾಗಕ್ಕೆ ಹೋಗಿ ಹೊಟ್ಟೆ ಊದುವಷ್ಟು ಕುಡಿಯಿತು.

"ಸಾಕ್ಷಿ ನಿನ್ನದೇ ಎತ್ತು" ಎಂದ ಕುಟ್ಟಪ್ಪ. "ಆರು ಆಳು, ಮೊಣ್ಣಪ್ಪಣ್ಣ."

ಆರು ಆಳು ಎಂದರೇನೆಂದು ಮೊಣ್ಣಪ್ಪನಿಗೆ ವಾರ ಕಳೆಯುವುದರೊಳಗೆ ತಿಳಿಯಿತು. ಮಾತಿಗೆ ತಪ್ಪುವ ಮನುಷ್ಯನಲ್ಲ, ಚುರುಕಾದ ಆರು ಹೆಂಗಸರನ್ನೇ ಕಳಿಸಿದ್ದ. ಅವರಿಗಂತೂ ಖುಷಿ. "ಗಿಡದೊಳಗೆ ಕೆಂಜಿರುವೆ ಕೈಲಿ ಕಚ್ಚಿಸ್ಕೊಳ್ಳೋದಕ್ಕಿಂತ ಇದು ವಾಸಿ ಕಣವ್ವಾ, ಹೋದ ಮನೇಲೆಲ್ಲ ಕಾಫಿ ಕೊಡ್ತಾರೆ" ಎಂದು ನಿಂಗಮ್ಮ ಕೊಡವನ್ನು ಸೊಂಟಕ್ಕೇರಿಸಿ ನಗುತ್ತ ಹೋಗುತ್ತಿದ್ದಳು. ಇತ್ತ ತೋಟದಲ್ಲಿ ಹಣ್ಣು ಗಿಡದಲ್ಲೇ ಕಪ್ಪಾಗತೊಡಗಿತು. ಹಕ್ಕಿಗಳು ಹಬ್ಬ ಮಾಡಿದವು.

"ದಣೀ, ಮೇಲಿನ ಪಟ್ಟೇಲಿ ಹಣ್ಣು ಉದುರ್ತಾ ಐತೆ" ಎಂದು ಮಂಜುನಾಥ ಬೆಳಿಗ್ಗೆ ಹೇಳಿದ. ಮಧ್ಯಾಹ್ನ ಮತ್ತೆ ಹೇಳಿದ. ಸಂಜೆ ಬಾಯಿ ತೆರೆಯುವ ಮೊದಲೇ ಮೊಣ್ಣಪ್ಪ ಗದರಿದ: "ಗೊತ್ತುಟ್ಟು ಮಾರಾಯಾ! ನಾಳೆಯಿಂದ ಆ ಸಿಪ್ಪೆ ತೋಡಿಗೆ ಹಾಕ್ಬೇಡಿ. ಗುಂಡಿಗೇ ಹೊರಿಸಿ."

ಸಿಪ್ಪೆ ನಿಂತಿತು. ಬೊಳ್ಳ ಕೊನೆಯ ಎರಡು ಕಡವುಗಳಲ್ಲಿ ನೀರು ಕುಡಿಯಿತು. ಇಬ್ಬರು ಆಳು ತೋಟಕ್ಕೆ ಮರಳಿದರು. ಮೊಣ್ಣಪ್ಪನ ಕಣ್ಣು ಅರಳಿತು. ಅಲ್ಲಿಂದ ಅವನಿಗೆ ಅದೊಂದು ಪಂದ್ಯವೇ ಆಗಿಹೋಯಿತು. ತಾನೇ ಗುದ್ದಲಿ ಹಿಡಿದು, ಉತ್ತಯ್ಯನನ್ನೂ ಎಳೆದುಕೊಂಡು, ಯಂತ್ರದ ಮನೆಯ ಕೆಳಗೆ ಒಂದು ಗುಂಡಿ ತೋಡಿದ. ತೊಳೆದ ನೀರು ಅಲ್ಲಿ ನಿಂತು ಲೋಳೆ ತಳ ಹಿಡಿಯಿತು. ಇನ್ನೊಂದು ಆಳು ಬಂದಿತು. ಅದರ ಕೆಳಗೆ ಮತ್ತೊಂದು ಗುಂಡಿ, ಅದಕ್ಕೆ ಮರಳು, ಇದ್ದಿಲು. ಇನ್ನಿಬ್ಬರು ಬಂದರು. ಪ್ರತಿ ಸಲವೂ ಬೊಳ್ಳನನ್ನು ಕರೆದುಕೊಂಡು ಹೋಗುವುದು, ಅದು ಮೂತಿ ಅದ್ದಿದೊಡನೆ ಮೊಣ್ಣಪ್ಪ ಬೆನ್ನಿಗೆ ಚಪ್ಪರಿಸಿ ಬೆಲ್ಲ ತಿನ್ನಿಸುವುದು, ಊರವರು ಸಿಳ್ಳೆ ಹಾಕುವುದು.

ಉಳಿದದ್ದು ಒಂದೇ ಕಡವು. ಎಲ್ಲಕ್ಕಿಂತ ಮೇಲಿನದು, ಗಂಗಮ್ಮಜ್ಜಿಯದು. ಅಲ್ಲಿ ಬೊಳ್ಳ ಮೂಸುತ್ತಿತ್ತು, ಯೋಚಿಸುತ್ತಿತ್ತು, ಆದರೆ ಕುಡಿಯುತ್ತಿರಲಿಲ್ಲ.

ಮೊಣ್ಣಪ್ಪ ಗುದ್ದಲಿ ಗೋಡೆಗೆ ಒರಗಿಸಿದ. "ಸಾಕು. ಇನ್ನು ನೀರನ್ನೇ ಬೇರೆ ಕಡೆ ತಿರುಗಿಸಬೇಕಾದರೆ ಗುಡ್ಡದ ಸುತ್ತ ಕಾಲುವೆ ಕಡಿಯಬೇಕು. ಒಂದು ಆಳು ತಾನೇ? ಹೋಗ್ಲಿ, ನಿಂಗಮ್ಮ ಹೊರುತ್ತಾಳೆ."

ಯಮುನ ಕುಟ್ಟಪ್ಪನ ಬಳಿ ದೂರಿದಳು. ಅವನು ಕೈ ಚೆಲ್ಲಿದ. "ಮಾತಿನಂತೆ ಆಳು ಕೊಡ್ತಿದ್ದಾನೆ ಮಗಳೇ. ನಾನು ಎಂಥ ಹೇಳಲಿ? ಮಾತು ಆಡಿದ್ದು ನೀನೇ."

ಹೌದು, ತಾನೇ ಆಡಿದ ಮಾತು. ಐದು ಮನೆಗಳ ನೀರು ತಿಳಿಯಾಗಿ, ಕೆಲಸ ತನ್ನ ಅಜ್ಜಿಯ ಹೊಸಿಲಿನಲ್ಲೇ ಬಂದು ನಿಂತುಬಿಟ್ಟಿತ್ತು. ಯಮುನ ಆ ಸಂಜೆ ಕಣದಲ್ಲಿ ಒಣಗುವ ಬೀಜದಲ್ಲಿ ಕೈಯಾಡಿಸುತ್ತ, ತವರಿನ ಹೊಗೆ ಏರುವುದನ್ನು ನೋಡುತ್ತ, ಕತೆಯನ್ನು ಮೊದಲಿನಿಂದ ಮತ್ತೆ ತನಗೇ ಹೇಳಿಕೊಂಡಳು. ಹೊನ್ನು ಬೇಡವೆಂದಳು ನೀರಕನ್ನೆ, ಸರಿ. ಬಿತ್ತುವ ದಿನ ಕರೆದಳು, ಸರಿ. ಒಡೆಯ ಹೋಗಿ ಕಲ್ಲು ಉಜ್ಜಿದ...

ಅವಳ ಕೈ ನಿಂತಿತು. ಒಡೆಯ ಹೋಗಿದ್ದ! ಅವನು ಆಳು ಕಳಿಸಿರಲಿಲ್ಲ. ಇಷ್ಟು ಸಲ ಕೇಳಿದ ಕತೆ, ಜಗಲಿಯಲ್ಲಿ ತಾನೇ ಹೇಳಿದ ಕತೆ, ಷರತ್ತು ಹಾಕುವಾಗ ಅದರ ಈ ಒಂದು ಎಳೆಯನ್ನು ತಾನೇ ಕೈಬಿಟ್ಟಿದ್ದೆನಲ್ಲ ಎಂದು ಅವಳಿಗೆ ನಗು ಬಂತು.

ಬೆಳಗಾಗುತ್ತಲೇ ಯಮುನ ಅಂಗಳದಲ್ಲಿ ನಿಂತು ನಿಂಗಮ್ಮನ ಕೈಯಿಂದ ಕೊಡ ತೆಗೆದುಕೊಂಡಳು. "ನೀನು ಹಣ್ಣು ಕುಯ್ಯಲು ಹೋಗು ನಿಂಗಮ್ಮ. ಆ ಕಡವಿನ ಆಳು ಇವತ್ತಿನಿಂದ ನಾನು."

"ಅಯ್ಯೋ ಚಿಕ್ಕವ್ವಾ, ತುಂಬಿದ ಬಸುರಿ!"

"ಸಣ್ಣ ಕೊಡ. ನಿಧಾನಕ್ಕೆ ಹೋಗ್ತೇನೆ."

ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಮೊಣ್ಣಪ್ಪ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿ ಬಂದ. "ಯಮುನಾ! ಎಂಥ ಇದು? ಊರವರು ನನ್ನ ಮುಖಕ್ಕೆ ಉಗಿಯಲಿ ಅಂತಲಾ? ಕೊಡು ಇಲ್ಲಿ."

"ಆಳು ತೋಟದಿಂದ ಬರಬೇಕು ಅಂತ ಮಾತು ಮಾವ. ನಾನೂ ತೋಟದವಳೇ ಅಲ್ಲವಾ? ಕೊಡ ಕೊಟ್ಟರೆ ನೀವೇ ಹೊರಬೇಕು."

"ಹೊರ್ತೇನೆ! ನನ್ನ ಭುಜಕ್ಕೆ ಎಂಥ ಆಗಿದೆ?"

ಮೊಣ್ಣಪ್ಪ ಕೊಡ ಹೊತ್ತ. ದೇವರಕಾಡಿನ ಒರತೆಯಿಂದ ಗಂಗಮ್ಮಜ್ಜಿಯ ಮನೆಗೆ ಏರು, ಇಳಿ, ತೋಡು ದಾಟುವ ಒಂದು ಸಂಕ, ಮತ್ತೆ ಏರು. ಯಮುನ ಕೈಬೀಸಿಕೊಂಡು ಪಕ್ಕದಲ್ಲೇ ನಡೆದಳು. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ನೋಡಿದರು. ಅಜ್ಜಿ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದವಳು ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಬಂದಳು.

"ಬನ್ನಿ ಬೀಗರೇ, ಬನ್ನಿ! ನಮ್ಮ ಮನೆಗೆ ಬರುಕೆ ನಿಮಗೆ ಪುರುಸೊತ್ತೇ ಇಲ್ಲ ಅಂದ್ಕೊಂಡಿದ್ದೆ. ಹಂಡೆ ಆ ಮೂಲೇಲಿ ಉಟ್ಟು."

ಮೊಣ್ಣಪ್ಪ ನೀರು ಸುರಿದ. ಹಂಡೆಯ ತಳ ನೆನೆಯಿತು.

"ಇಷ್ಟೇನಾ?" ಅಜ್ಜಿ ಬಗ್ಗಿ ನೋಡಿದಳು. "ನಿಂಗಮ್ಮ ಬಿಸಿಲೇರುವ ಮೊದಲೇ ಬಾಯಿ ತನಕ ತುಂಬಿಸ್ತಿದ್ದಳು. ಪಾಪ, ನಿಮಗೆ ಅಭ್ಯಾಸ ಇಲ್ಲೆ. ಕೂತು ಸುಧಾರಿಸ್ಕೊಳ್ಳಿ. ದನದ ಬಾನಿ ಆಮೇಲೆ ತುಂಬಿಸಿದರೂ ಆತ್."

ಮೊಣ್ಣಪ್ಪ ಆ ದಿನ ಹಂಡೆ ತುಂಬಿಸಿದ, ಬಾನಿಯನ್ನೂ ತುಂಬಿಸಿದ. ಮರುದಿನವೂ ಹೋದ, ಹೋಗದಿದ್ದರೆ ಸೊಸೆ ಕೊಡ ಎತ್ತಿಕೊಂಡು ನಿಂತಿರುತ್ತಾಳೆ. ಮೂರನೆಯ ದಿನ ನಾಪೋಕ್ಲಿನ ಸಂತೆಯಲ್ಲಿ ಯಾರೋ, "ಮೊಣ್ಣಪ್ಪಣ್ಣ, ಸ್ವಂತ ಮನೆ ಬಿಟ್ಟು ಸೊಸೆಯ ತವರಿಗೆ ಆಳಾಗಿ ಸೇರಿದ್ದೀರಂತೆ?" ಎಂದು ಕೇಳಿದರು. ಸಂತೆಯಿಂದ ಬಂದವನು ಚೀಲವನ್ನೂ ಇಳಿಸಲಿಲ್ಲ. ಗೋಡೆಗೆ ಒರಗಿಸಿದ ಗುದ್ದಲಿಯನ್ನು ಎತ್ತಿಕೊಂಡ.

"ಉತ್ತಯ್ಯಾ! ಎದ್ದೇಳು. ಕಾಲುವೆ ಕಡಿಯುವ."

ಗುಡ್ಡದ ಸುತ್ತ ಕಾಲುವೆ ಹೋಯಿತು. ಗುಂಡಿಯಲ್ಲಿ ತಂಗಿದ ನೀರು ತೋಡಿಗೆ ಇಳಿಯುವ ಬದಲು ಆಚೆಯ ಒಣ ಇಳಿಜಾರಿಗೆ ಹರಿದು, ಅಲ್ಲಿದ್ದ ಕಿತ್ತಳೆ ಗಿಡಗಳ ನಡುವಿನ ಮಣ್ಣಿನಲ್ಲಿ ಇಂಗಿತು. ತೋಡು ನಾಲ್ಕಾರು ದಿನ ತನ್ನನ್ನು ತಾನೇ ತೊಳೆದುಕೊಂಡಿತು. ಕಲ್ಲಿನ ಮೇಲಿನ ಕಂದು ಲೋಳೆ ಕಳಚಿ ಹೋಗಿ ತಳದ ಮರಳು ಕಂಡಿತು.

ಬೊಳ್ಳನನ್ನು ಮೊದಲ ಕಡವಿಗೆ ಕರೆತಂದಾಗ ಊರವರೆಲ್ಲ ಕಲ್ಲಿನ ಸುತ್ತ ಒತ್ತಿ ನಿಂತರು. ಎತ್ತು ಮೂತಿ ಇಳಿಸಿತು, ಮೂಸಿತು, ತಲೆಯೆತ್ತಿ ಒಮ್ಮೆ ಮೊಣ್ಣಪ್ಪನನ್ನು ನೋಡಿತು. ಆಮೇಲೆ ಮುಂಗಾಲನ್ನು ನೀರಿಗಿಟ್ಟು, ಕಿವಿ ಅಲ್ಲಾಡಿಸುತ್ತ, ಸೊರ್ ಸೊರ್ ಎಂದು ಕುಡಿಯತೊಡಗಿತು. ಗಂಗಮ್ಮಜ್ಜಿ ಎತ್ತಿನ ಮೇಲ್ಗಡೆಗೆ ಹೋಗಿ, ಕೊಡ ಅದ್ದಿ, ಸೊಂಟಕ್ಕೇರಿಸಿದಳು. ಮೊಮ್ಮಗಳ ಕಡೆ ತಿರುಗಿಯೂ ನೋಡದೆ ಹೇಳಿದಳು:

"ಅಕ್ಕಿ ನೆನೆ ಹಾಕ್ತೇನೆ. ನಾಡಿದ್ದು ಬಾ."

ಬಯಕೆ ಊಟದ ದಿನ ತವರಿನ ಜಗಲಿಯಲ್ಲಿ ಬಾಳೆಲೆಗಳ ಸಾಲು. ಯಮುನ ಹೊಸ ಸೀರೆ ಉಟ್ಟು ನಡುವೆ ಕೂತಿದ್ದಳು. ಎಲೆಯ ಮೇಲೆ ಕಡುಬು, ಪಲ್ಯ, ಜೇನು, ಆವಿಯಾಡುವ ಅನ್ನ. ಮೊದಲ ತುತ್ತನ್ನು ಅಜ್ಜಿಯೇ ಬಾಯಿಗಿಟ್ಟಳು. ಚಿಕ್ಕಂದಿನ ಅದೇ ರುಚಿ. ಇದನ್ನು ಹೊಟ್ಟೆಯಲ್ಲಿರುವ ಕೂಸಿಗೆ ಹೇಗೆ ಹೇಳಬೇಕು, ಎತ್ತಿನಿಂದ ಶುರುಮಾಡಬೇಕೋ ನೀರಕನ್ನೆಯಿಂದಲೋ ಎಂದು ಅವಳು ಆಗಲೇ ಯೋಚಿಸುತ್ತಿದ್ದಳು.

ಎದುರು ಸಾಲಿನಲ್ಲಿ ಕುಟ್ಟಪ್ಪ ಬೆರಳು ನೆಕ್ಕುತ್ತ ಹೇಳಿದ: "ಮೊಣ್ಣಪ್ಪಣ್ಣ, ಈಗ ಯಾವ ಕಡವೂ ಕೆಟ್ಟಿಲ್ಲ, ಯಾವ ಆಳೂ ಇಲ್ಲ. ಅಂಬಲದಲ್ಲಿ ಹೇಳಿ ಆ ಕಟ್ಟಳೆಯನ್ನು ತೆಗೆದು ಹಾಕುವಾ?"

ಮೊಣ್ಣಪ್ಪನ ಕೈಯ ತುತ್ತು ಎಲೆಗೇ ಬಿತ್ತು.

"ತೆಗೆಯುದಾ? ನಿಮಗೆ ಬುದ್ಧಿ ಸಮ ಉಂಟಾ ತಕ್ಕರೇ? ನನ್ನ ತೋಟದ ಮೇಲಿನ ತೋಟದ ಬೆಳ್ಯಪ್ಪ ಬರುವ ವರ್ಷ ಪಲ್ಪರ್ ತರಿಸ್ತಾನಂತೆ, ನನ್ನದಕ್ಕಿಂತ ದೊಡ್ಡದು! ಅವನ ನೀರು ಮೊದಲು ಇಳಿಯುದು ಎಲ್ಲಿಗೆ? ನನ್ನ ಕಡವಿಗೆ!" ಅವನು ಸೊಸೆಯ ಕಡೆ ತಿರುಗಿದ. "ಮಗಳೇ, ಆ ಕತೆಯನ್ನು ಬೆಳ್ಯಪ್ಪನಿಗೆ ಒಮ್ಮೆ ಹೇಳ್ಬೇಕಲ್ಲ ನೀನು."

"ಹೇಳ್ತೇನೆ ಮಾವ" ಎಂದಳು ಯಮುನ, ಇನ್ನೊಂದು ಕಡುಬಿಗೆ ಕೈ ಹಾಕುತ್ತ. "ಈ ಸಲ ಪೂರ್ತಿ ಹೇಳ್ತೇನೆ. ಹೊರುವುದು ಒಡೆಯನೇ."

"ಹೌದು, ಒಡೆಯನೇ!" ಮೊಣ್ಣಪ್ಪ ಎಲೆಯ ಪಕ್ಕದ ನೆಲ ಗುದ್ದಿದ. "ನಮ್ಮ ಮನೆಯ ಹಂಡೆ ಇದಕ್ಕಿಂತ ದೊಡ್ಡದುಟ್ಟು!"